ಟಿವಿಗಾಗಿ ತುಂಬಿದ ಗ್ಯಾಲರಿ

ಫುಟ್‌ಬಾಲ್ ಸ್ಟೇಡಿಯಂ ಹಿಗ್ಗಿಸಲು ಯೆರವಡಾದ ನಮ್ಮ ಓಣಿಯನ್ನೇ ಕೆಡವಿದ್ದರು. ಹೊಸ ಗ್ಯಾಲರಿ ಎದ್ದಿತು. ಆಟ ನೋಡಲು ನರಪಿಳ್ಳೆಯೂ ಬರಲಿಲ್ಲ. ಟಿವಿಯಲ್ಲಿ ಖಾಲಿ ಕುರ್ಚಿ ಕಾಣಬಾರದೆಂದು ಈಗ ನಮ್ಮನ್ನೇ ಬಸ್ಸಿನಲ್ಲಿ ತುಂಬಿ ತಂದು, ವಡಾಪಾವ್ ಕೊಟ್ಟು ಕೂರಿಸುತ್ತಾರೆ.

ಅತ್ತೆ ನಾಗವ್ವ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತಿದರು.

“ಅತ್ತಿ, ಇಲ್ಲಿ ಚಪ್ಪಲಿ ಬಿಡೋದು ಬ್ಯಾಡ್ರಿ,” ಎಂದೆ.

“ನಮ್ಮ ಹೊಸ್ತಿಲಾ ಇಲ್ಲೇ ಇತ್ತಲ್ಲ, ರಂಜನಾ,” ಎಂದು ಕುಳಿತರು. ಅಳಲಿಲ್ಲ. ನನಗೂ ಏನೂ ಅನಿಸಲಿಲ್ಲ.

ಕ್ಲಬ್ಬಿನವನೊಬ್ಬ ಆ ಚಪ್ಪಲಿ ತಂದು, ದಾರಿಯಲ್ಲಿ ಬಿಡಬೇಡಿ ಎಂದು ಮರಾಠಿಯಲ್ಲಿ ಗದರಿ ಅವರ ಕೈಗೆ ತುರುಕಿದ. ಅಷ್ಟರಲ್ಲಿ ಗೋಲಾಯಿತು. ಕ್ಯಾಮೆರಾ ನಮ್ಮತ್ತ ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿರೆಂದು ಅವನು ಕೂಗಿದ.

ಅತ್ತೆಯ ಒಂದೊಂದು ಕೈಯಲ್ಲಿ ಒಂದೊಂದು ಚಪ್ಪಲಿ ಇತ್ತು. ಅವನ್ನೇ ಒಂದಕ್ಕೊಂದು ಬಡಿದರು.