ಪಟ್ಟಿಯ ಮೊದಲ ವಿಳಾಸ

ಮೆಸೇಜು ಹೋಗುತ್ತಿಲ್ಲವೆಂದು ಆಸ್ಪತ್ರೆಯಿಂದ ಫೋನು ಬಂದಾಗ ನಾನು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಈ ಕೆಲಸ ಮಾಡಿ ಮಾಡಿ ಸಾಕುಸಾಕಾಗಿದೆ. ಎಲ್ಲ ಸರಿಯಿದ್ದಾಗ ನಾನೊಬ್ಬಳು ಇದ್ದೇನೆಂದು ಯಾರಿಗೂ ನೆನಪಿರುವುದಿಲ್ಲ. ಕೆಟ್ಟರೆ ಮಾತ್ರ ನನ್ನ ನಂಬರು ಎಲ್ಲರಿಗೂ ಬಾಯಿಪಾಠ.

ಆದರೆ ಮೆಸೇಜಿನ ವಿಷಯವೆಂದರೆ ನಾನು ತಡಮಾಡುವುದಿಲ್ಲ. ನನ್ನಕ್ಕ ಎರಡು ವರ್ಷದಿಂದ ಮೂತ್ರಪಿಂಡಕ್ಕಾಗಿ ಕಾಯುತ್ತಿದ್ದಾಳೆ. ಹೊಂದುವಂಥದ್ದು ಸಿಕ್ಕರೆ ಆಸ್ಪತ್ರೆಯಿಂದ ಮೆಸೇಜು ಬರುತ್ತದೆ. ಅರ್ಧ ಗಂಟೆಯೊಳಗೆ ಉತ್ತರ ಹೋಗದಿದ್ದರೆ ಸರದಿ ಮುಂದಿನವರದು. ಸ್ನಾನಕ್ಕೆ ಹೋದರೂ ಅವಳು ಫೋನನ್ನು ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳುತ್ತಾಳೆ.

ಡಬ್ಬಿ ಮುಚ್ಚಿ ಕೆಲಸಕ್ಕೆ ಕುಳಿತೆ. ನಮ್ಮಲ್ಲಿರುವುದು ಒಂದೇ ದೊಡ್ಡ ಸರ್ವರ್. ಅದರೊಳಗೆ ಒಂದರ ಗಲಾಟೆ ಇನ್ನೊಂದಕ್ಕೆ ತಾಗದಂತೆ ಬೀಗ ಹಾಕಿದ ಕೋಣೆಗಳಂಥ ಭಾಗಗಳನ್ನು ಮಾಡಿದ್ದೇವೆ. ಲ್ಯಾಬಿಗೊಂದು, ಔಷಧಿಗೊಂದು, ಮೆಸೇಜಿಗೊಂದು. ಪ್ರತಿ ಕೋಣೆಗೂ ಅದರದೇ ವಿಳಾಸ, ಅಂದರೆ ಒಂದು ನಂಬರು. ಲ್ಯಾಬಿನವರಿಗೆ ಅನುಕೂಲವಾಗಲೆಂದು ಮೆಸೇಜಿನ ಕೋಣೆಗೆ ನಿನ್ನೆ ಸಂಜೆ ಎರಡನೆಯ ವಿಳಾಸ ಕೊಟ್ಟಿದ್ದೆವು. ಕೊಟ್ಟವನು ಪಕ್ಕದ ಮೇಜಿನ ನೀಟಪ್ಪ. ಹೆಸರು ನಾವಿಟ್ಟದ್ದು, ಪೆನ್ನುಗಳನ್ನೂ ಉದ್ದದ ಪ್ರಕಾರ ಜೋಡಿಸಿಡುವ ಆಸಾಮಿ.

ವಿಳಾಸಗಳ ಪಟ್ಟಿಯಿರುವ ಫೈಲು ತೆರೆದೊಡನೆ ಗೊತ್ತಾಯಿತು. ಹೊಸ ವಿಳಾಸ ಹಳೆಯದರ ಮೇಲೆ ಕೂತಿತ್ತು.

"ಇದನ್ನ ಯಾಕೆ ಮೇಲೆ ಹಾಕ್ದೆ?" ಎಂದು ಕೇಳಿದೆ.

"ಸಣ್ಣ ನಂಬರು ಮೊದ್ಲು, ದೊಡ್ಡದು ಆಮೇಲೆ," ಎಂದ ನೀಟಪ್ಪ. "ನೋಡೋಕೆ ಚೆನ್ನಾಗಿರ್ಲಿ ಅಂತ."

ಕೋಣೆಗೆ ಎಷ್ಟು ವಿಳಾಸವಿದ್ದರೂ ಒಳಗೆ ಬರುವವರು ಯಾವುದನ್ನು ಹಿಡಿದಾದರೂ ಬರಬಹುದು. ಆದರೆ ತಾನಾಗಿ ಹೊರಗೆ ಮಾತಾಡಲು ಹೊರಟಾಗ ಅದು ಪಟ್ಟಿಯ ಮೊದಲನೆಯದನ್ನೇ ತನ್ನದೆಂದು ಹೇಳಿಕೊಳ್ಳುತ್ತದೆ. ನಮ್ಮ ಮೆಸೇಜುಗಳನ್ನು ತಲುಪಿಸುವ ಫೋನ್ ಕಂಪನಿಗೆ ಪರಿಚಯವಿದ್ದದ್ದು ಹಳೆಯ ವಿಳಾಸ ಮಾತ್ರ. ನಿನ್ನೆ ಸಂಜೆಯಿಂದ ಹೋದ ಒಂದೊಂದು ಮೆಸೇಜನ್ನೂ ಅವರು ಬಾಗಿಲಿನಿಂದಲೇ ವಾಪಸು ಕಳಿಸಿದ್ದರು. ಬೈಯಲು ಬಾಯಿ ತೆರೆದೆ. ನೀಟಪ್ಪನ ಮುಖ ಆಗಲೇ ಸಪ್ಪಗಾಗಿತ್ತು, ನನಗೂ ಬೈಯುವಷ್ಟು ತ್ರಾಣವಿರಲಿಲ್ಲ.

ಹಳೆಯದನ್ನು ಮೇಲೆ ತಂದೆ. ಕೋಣೆಯನ್ನು ಮತ್ತೆ ಚಾಲೂ ಮಾಡಿದರೆ ವಾಪಸು ಬಂದು ನಿಂತಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಅದಕ್ಕೆ ಮುಂಚೆ ಅವುಗಳ ಮೇಲೊಮ್ಮೆ ಕಣ್ಣಾಡಿಸಿದೆ. ಬೆಳಿಗ್ಗೆಯ ಒಂದು ಮೆಸೇಜಿನಲ್ಲಿ ಅಕ್ಕನ ನಂಬರಿತ್ತು.

ಆಸ್ಪತ್ರೆಯಲ್ಲಿ ಮೂತ್ರಪಿಂಡದ ಸರದಿ ನೋಡಿಕೊಳ್ಳುವ ನರ್ಸಮ್ಮನಿಗೆ ಫೋನು ಮಾಡಿದೆ.

"ಹೌದು, ಮೊದಲ ಸರದಿ ನಿಮ್ಮಕ್ಕಂದೇ," ಎಂದರು. "ಅವರಿಂದ ಉತ್ತರ ಬರ್ಲಿಲ್ಲ, ಆಮೇಲಿನ ಇಬ್ರಿಂದಲೂ ಬರ್ಲಿಲ್ಲ. ಏನೋ ಎಡವಟ್ಟಾಗಿದೆ ಅನ್ನಿಸಿ ನಾಲ್ಕನೆಯವರಿಗೆ ಫೋನೇ ಮಾಡ್ದೆ. ಅವರು ಬಂದ್ರು. ಈಗ ಆಪರೇಷನ್ ನಡೀತಿದೆ. ಆ ಇಬ್ರಿಗೆ ನಾನು ಹೇಳ್ತೀನಿ. ನಿಮ್ಮಕ್ಕನಿಗೆ ನೀವೇ ಹೇಳ್ತೀರಾ?"

ಮೆಸೇಜನ್ನು ಅಳಿಸಬಾರದೆಂದು ನಿಯಮವಿದೆ. ಆದರೆ ಒಂದನ್ನು ಅಳಿಸಿದರೆ ಕೇಳುವವರು ಯಾರೂ ಇಲ್ಲ, ಅಕ್ಕನಿಗೂ ಎಂದೆಂದಿಗೂ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ಬೆರಳು ಅಲ್ಲಿಯವರೆಗೂ ಹೋಗಿತ್ತು. ಆದರೆ ಇಷ್ಟು ದಣಿದ ಜೀವಕ್ಕೆ ಇದನ್ನೂ ಹೊಟ್ಟೆಯಲ್ಲಿಟ್ಟುಕೊಂಡು ದಿನಾ ಅವಳ ಮುಖ ನೋಡುವ ಶಕ್ತಿಯಿರಲಿಲ್ಲ. ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಅದನ್ನ ಅಳಿಸೋಕೆ ಬರಲ್ವಾ ನಿಂಗೆ?" ಎಂದಳು ಅಕ್ಕ.

"ಬರತ್ತೆ."

"ಅಳಿಸಿ ಸುಮ್ನಿದ್ದಿದ್ರೆ ನಾನಿವತ್ತು ನೆಮ್ಮದಿಯಾಗಿ ಮಲಗ್ತಿದ್ದೆ ಕಣೇ."

"ಈಗ ಅಳಿಸ್ಲಾ?"

"ಬೇಡ. ಕಳ್ಸು."

ಕೋಣೆಯನ್ನು ಚಾಲೂ ಮಾಡಿದೆ. ಅವಳ ಫೋನು ಟಿಂಗ್ ಎಂದದ್ದು ನನಗೂ ಕೇಳಿಸಿತು.

"ಬಂತು," ಎಂದಳು.

"ಓದ್ಬೇಡ ಅಕ್ಕ."

ಅವಳು ಓದಿದಳು. "ನಿಮಗೆ ಹೊಂದುವ ಮೂತ್ರಪಿಂಡ ಸಿಕ್ಕಿದೆ. ತಕ್ಷಣ ಹೊರಟು ಬನ್ನಿ." ಓದಿ ಮುಗಿಸಿ, ಇನ್ನೂ ನಿಧಾನವಾಗಿ, ಮತ್ತೆ ಮೊದಲಿನಿಂದ ಓದಿದಳು.