ಎರಡು ಸಲ ಓದಿದ ಸಾಲು

ಟೀವಿಯಲ್ಲಿ ಸಂಜೆಯ ವಾರ್ತೆ ಓದುವ ನನ್ನ ತಲೆಯ ಮೇಲಿರುವ ಒಂದು ಕೂದಲೂ ನನ್ನದಲ್ಲ. ಕಾಯಿಲೆಯೊಂದು ಬಂದು ಎಲ್ಲವನ್ನೂ ಉದುರಿಸಿ ಹೋಯಿತು. ಇದು ಗೊತ್ತಿದ್ದದ್ದು ಅಮ್ಮನಿಗೆ, ಬಿಟ್ಟರೆ ವಿಗ್ ಅಜ್ಜನಿಗೆ. ಅಜ್ಜ ನೆಂಟರೇನಲ್ಲ. ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಮರದ ತಲೆಗಳ ನಡುವೆ ಕೂತು ಒಂದೊಂದೇ ಕೂದಲು ಪೋಣಿಸುವ ಮುದುಕರು. ಅವರದೂ ಬೋಳುತಲೆಯೇ, ಅದರ ಚಿಂತೆ ಮಾತ್ರ ಅವರಿಗಿಲ್ಲ.

ಅಜ್ಜನ ಜಾಣತನ ನೋಡಿ: ನನಗೆ ಮೂರು ವಿಗ್ ಮಾಡಿದ್ದರು. ಗಿಡ್ಡ, ಸ್ವಲ್ಪ ಉದ್ದ, ಇನ್ನೂ ಸ್ವಲ್ಪ ಉದ್ದ. ತಿಂಗಳಿಗೊಂದು ಹಾಕಿಕೊಂಡು ಮತ್ತೆ ಗಿಡ್ಡದಕ್ಕೆ ಬಂದರೆ, "ಓಹೋ, ಕಟಿಂಗ್ ಮಾಡಿಸಿದ್ರಾ?" ಎಂದು ಜನರೇ ಕೇಳುತ್ತಿದ್ದರು. ನಾನು ನಾಚಿಕೊಂಡವಳಂತೆ ನಗುತ್ತಿದ್ದೆ.

ಯಾರಿಗೆ ಯಾವ ವಿಗ್ ಯಾವಾಗ ಎಂಬುದು ಮರೆತುಹೋಗುತ್ತದೆಂದು ಅಜ್ಜ ಒಂದು ಬಿಟ್ಟಿ ಆಪ್‌ಗೆ ಗಿರಾಕಿಗಳಾದ ನಮ್ಮೆಲ್ಲರ ಫೋನ್ ನಂಬರು, ತಲೆಯ ಅಳತೆ ಎಲ್ಲ ತುಂಬಿಸಿದರು. ಎಡವಟ್ಟಾದದ್ದು ಅಲ್ಲೇ. ಆಪ್‌ನವರು ಅದನ್ನೆಲ್ಲ ಮಾರಿಕೊಂಡರು.

ಒಂದು ದಿನ ಸ್ಟುಡಿಯೋದಲ್ಲಿ ಫೋಟೋ ತೆಗೆಯಲೆಂದು ಕ್ಯಾಮೆರಾದವನ ಕೈಗೆ ನನ್ನ ಫೋನು ಕೊಟ್ಟೆ. ಅದೇ ಹೊತ್ತಿಗೆ ಪರದೆಯ ಮೇಲೆ ಬಂತು: ಗಿಡ್ಡ ವಿಗ್ ಬದಲಿಸುವ ಸಮಯ! ಅಂಟಿನ ಮೇಲೆ ರಿಯಾಯಿತಿ!

"ಏನ್ ಮೇಡಂ ಇದು?"

"ಯಾವ್ದೋ ದರಿದ್ರ ಜಾಹೀರಾತು," ಎಂದು ಕಸಿದುಕೊಂಡೆ. ಬೋಳೆಂದು ನಾನೇ ಹೇಳುವುದು ಬೇರೆ, ಊರವರ ಬಾಯಿಗೆ ಬೀಳುವುದು ಬೇರೆ.

ನೆಟ್ಟಗೆ ಹೋಗಿ ಅಜ್ಜನ ಮೇಲೆ ಹರಿಹಾಯ್ದೆ.

"ಫ್ರೀ ಅಂದ್ರು ಮಗಳೇ, ನಂಬಿಬಿಟ್ಟೆ," ಎಂದರು ಅಜ್ಜ, ಮುಖ ಸಣ್ಣದು ಮಾಡಿಕೊಂಡು. "ಅಳಿಸ್ರಪ್ಪಾ ಅಂತ ಗೋಗರೆದೆ. ಅಳಿಸ್ಲೇಬೇಕು ಅಂತ ಯಾವ ಕಾನೂನಿದೆ ಅಂತ ನನ್ನೇ ಕೇಳ್ತಾರೆ!"

ಅಂಥದೊಂದು ಕಾನೂನಿನ ಮಾತು ಆಗ ಸಂಸತ್ತಿನಲ್ಲಿ ನಡೆದಿತ್ತು. ಸಮಿತಿಯೊಂದು ಜನರ ಅಭಿಪ್ರಾಯ ಕೇಳುತ್ತಿತ್ತು. ಅಜ್ಜ ಅಂಗಡಿಗೆ ಬೀಗ ಹಾಕಿ ಅಲ್ಲಿಗೇ ಹೋದರು. ಅವರ ಮಾತು ನನ್ನದೇ ವಾರ್ತೆಯಲ್ಲಿ ಬಂತು: "ಗಿರಾಕಿ ಹೆಸರು ಹೇಳಲ್ಲ ಸ್ವಾಮಿ. ಹೇಳದೆ ಇರೋದೂ ನನ್ ಕಸುಬೇ. ಆ ಆಪ್‌ನವ್ರಿಗೂ ಸ್ವಲ್ಪ ಕಲಿಸಿ." ನಾನು ಅಳು ನುಂಗಿಕೊಂಡು ಹವಾಮಾನ ಓದಿದೆ.

ಮಸೂದೆ ಪಾಸಾದ ಸಂಜೆ ಓದುವ ಸರದಿಯೂ ನನ್ನದೇ. "ಒಪ್ಪಿಗೆ ಇಲ್ಲದೆ ಗ್ರಾಹಕರ ಮಾಹಿತಿಯನ್ನು ಯಾರಿಗೂ ಮಾರುವಂತಿಲ್ಲ. ಅಳಿಸಿ ಎಂದರೆ ಅಳಿಸಲೇಬೇಕು." ಓದಿದೆ. ತಡೆಯಲಾಗದೆ ಇನ್ನೊಮ್ಮೆ ಓದಿದೆ.

"ಮೇಡಂ, ಅದೇ ಸಾಲು ಎರಡು ಸಲ ಬಂತು," ಎಂದ ಕ್ಯಾಮೆರಾದವನು.

"ಬರ್ಲಿ ಬಿಡು," ಎಂದೆ.

ಕಾಯ್ದೆ ಜಾರಿಗೆ ಬಂದ ಮೇಲೆ ಅಜ್ಜ ಅಳಿಸಿ ಎಂದು ಮತ್ತೆ ಬರೆದರು. ಈ ಸಲ ಆಪ್‌ನವರು ಬಾಲ ಮುದುರಿಕೊಂಡು ಎಲ್ಲವನ್ನೂ ಅಳಿಸಿದರು, ಮಾರಿದ ಕಡೆಯಿಂದಲೂ ತೆಗೆಸಿದರು. ಜಾಹೀರಾತು ನಿಂತಿತು. ಎದೆಯ ಮೇಲಿನ ಕಲ್ಲು ಇಳಿಯಿತು.

ಮೊನ್ನೆ ಹೊಸ ವಿಗ್‌ಗೆಂದು ಹೋಗಿದ್ದೆ. ಅಜ್ಜ ನನ್ನ ತಲೆಗೆ ಟೇಪು ಸುತ್ತಿದರು, ಪೆನ್ಸಿಲ್ ಎತ್ತಿಕೊಂಡು ಹಾಗೇ ಕೂತರು.

"ಯಾಕಜ್ಜಾ, ಬರ್ಕೊಳ್ಳಲ್ವಾ?"

"ನಿನ್ನ ಕೇಳ್ದೆ ಹೇಗಮ್ಮಾ?"

ಕಿಟಕಿಯಿಂದ ಬರುತ್ತಿದ್ದ ಗಾಳಿ ಬೋಳುತಲೆಗೆ ಹಾಯಾಗಿ ತಾಗುತ್ತಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

"ಬರ್ಕೊಳ್ಳಿ," ಎಂದೆ.