ಪೆಟ್ಟಿಗೆಯ ಉಸಿರು

ಅತ್ತೆ ಮೆಟ್ಟಿಲು ಹತ್ತುವಾಗ ಮೆಟ್ಟಿಲಿಗೊಂದು ಬೈಗುಳ ಇಡುತ್ತಿದ್ದರು. ತಾರಸಿ ತಲುಪುವಷ್ಟರಲ್ಲಿ ಮನೆ ಕಟ್ಟಿದ ಮೇಸ್ತ್ರಿಯಿಂದ ಹಿಡಿದು ಮೊಣಕಾಲಿನ ಡಾಕ್ಟರರವರೆಗೆ ಯಾರೂ ಉಳಿದಿರಲಿಲ್ಲ. ಹಿಂದೆಯೇ ಹತ್ತುತ್ತಿದ್ದ ಸೊಸೆ ಅವರ ಬೆನ್ನಿಗೆ ತಾಗಿಯೂ ತಾಗದ ಹಾಗೆ ಒಂದು ಕೈ ಹಿಡಿದಿದ್ದಳು. ತಾಗಿದರೆ ಅದಕ್ಕೂ ಒಂದು ಬೈಗುಳ ಇತ್ತು.

ಇನ್ನೂ ಬಿಸಿಲು ಬಿದ್ದಿರಲಿಲ್ಲ. ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ ಐದು ಜೇನುಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಕೆಳಗೆ ಬೀದಿಯುದ್ದಕ್ಕೂ ನಿಂತ ಮರಗಳು ತಿಂಗಳಿಡೀ ಹೂ ಬಿಟ್ಟು, ಈಗ ಅದನ್ನೆಲ್ಲ ಕಾಲುದಾರಿಯ ಮೇಲೆ ಚೆಲ್ಲಿ ಸುಮ್ಮನಾಗಿದ್ದವು. ಹತ್ತು ಗಂಟೆಗೆ ಬೇಕರಿಯವರು ಎರಡು ಸ್ಟೀಲ್ ಕ್ಯಾನು ಹಿಡಿದು ಬರುವವರಿದ್ದರು.

ಸೊಸೆಗೆ ಆ ಹತ್ತು ಗಂಟೆಯದೇ ಚಿಂತೆ. ಹೋದ ವರ್ಷ ಅತ್ತೆ ಮೊಣಕಾಲಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಜೇನು ತೆಗೆಯುವ ಕೆಲಸ ಮೊದಲ ಸಲ ಅವಳ ಪಾಲಿಗೆ ಬಂದಿತ್ತು. ಪೆಟ್ಟಿಗೆಯೊಳಗಿನ ಜೇನಿನ ಎರಿಗಳು ಮೇಣ ಮುಚ್ಚಿ ಅರ್ಧ ಬೆಳ್ಳಗಾದದ್ದು ಕಂಡದ್ದೇ ತಡ, ಅವಳು ಚಾಕು ಹಾಕಿದ್ದಳು. ನಲವತ್ತನೆಯ ದಿನ ಬೇಕರಿಯ ಗಾಜಿನ ಕಪಾಟಿನಲ್ಲಿ ಒಂದು ಬಾಟಲಿಯ ಮುಚ್ಚಳ ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು. ಉಳಿದವು ನೊರೆ ಕಾರಿ ಹುಳಿ ಬಂದವು. ತಮ್ಮ ಮೊಣಕೈ ತಾಗಿ ಬಾಟಲಿ ಬಿತ್ತು ಎಂದು ಬೇಕರಿಯವರು ಗಿರಾಕಿಗಳಿಗೆಲ್ಲ ಹೇಳಿದ್ದರಂತೆ; ಅದು ಅವಳಿಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ, ಪಕ್ಕದ ದರ್ಜಿಯ ಬಾಯಿಂದ. ಅತ್ತೆಯ ಹತ್ತಿರ ಮಾತ್ರ ಬೇಕರಿಯವರು ಮೆಲ್ಲಗೆ ಒಂದು ಮಾತು ಹೇಳಿ ಹೋಗಿದ್ದರು: "ಇನ್ನೊಂದು ವರ್ಷ ನೋಡ್ತೀನಿ ಅಮ್ಮಾವ್ರೇ. ಮತ್ತೆ ಹುಳಿ ಬಂದ್ರೆ ಬೇರೆ ಕಡೆ ಕೇಳ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಇಪ್ಪತ್ತೆರಡು ವರ್ಷ ಅತ್ತೆಯ ಜೇನು ಆ ಕಪಾಟಿನಲ್ಲಿ ನಿಂತಿತ್ತು. ಅದು ತನ್ನ ಕೈಯಿಂದ ಕೊನೆಯಾಗಬಾರದು ಎಂಬುದೊಂದೇ ಸೊಸೆಯ ತಲೆಯಲ್ಲಿ ಕೊರೆಯುತ್ತಿತ್ತು.

"ಈ ಸಲ ಎಲ್ಲಾ ನೋಡಿದೀನಿ ಅತ್ತೆ. ಐದೂ ಪೆಟ್ಟಿಗೇಲಿ ನಡುವಿನ ಎರಿ ಎತ್ತಿ ನೋಡ್ದೆ. ಮೇಲಿಂದ ಕೆಳಗೆ ಮೇಣ ಮುಚ್ಚಿದೆ, ಸುಣ್ಣ ಬಳಿದ ಗೋಡೆ ಥರ. ನಿಮ್ಮ ಮಗ ತಂದ, ಜೇನಲ್ಲಿ ನೀರೆಷ್ಟಿದೆ ಅಂತ ತೋರಿಸೋ ಮೀಟರಲ್ಲೂ ಸರಿಯಾಗೇ ತೋರಿಸ್ತು."

"ಉಸಿರು ನೋಡಿದ್ಯಾ?"

"ಯಾರದ್ದು?"

"ನನ್ನದಲ್ಲ, ಅದು ಮೆಟ್ಟಿಲಲ್ಲೇ ಹೋಯ್ತು." ಅತ್ತೆ ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸಿದರು. ಮೊದಲನೆಯ ಪೆಟ್ಟಿಗೆಯ ಮುಂದೆ ಕಷ್ಟಪಟ್ಟು ಬಗ್ಗಿ, ಹುಳಗಳು ಓಡಾಡುವ ಸಂದಿನ ಹತ್ತಿರ ಕನ್ನಡಕವನ್ನು ಹಿಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದು, ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು.

"ಹಾಳಾಗ್ಹೋಗ್ಲಿ. ಮಂಜು ಗಾಜಿನ ಮೇಲಿದೆಯೋ ನನ್ನ ಕಣ್ಣಲ್ಲಿದೆಯೋ ಒಂದೂ ಗೊತ್ತಾಗ್ತಿಲ್ಲ. ತಗೋ, ನೀನೇ ಹಿಡಿ."

"ಇದನ್ನ ನೀವು ಯಾವತ್ತೂ ಹೇಳೇ ಇಲ್ವಲ್ಲ ಅತ್ತೆ."

"ಹೇಳೋಕೆ ಇದೇನು ದೊಡ್ಡ ವಿದ್ಯೆನಾ? ಮುದುಕಿ ಬೆಳಗಾಗೆದ್ದು ಹುಳಕ್ಕೆ ಕನ್ನಡಕ ಹಾಕ್ತಾಳೆ ಅಂತ ನೀವಿಬ್ರೂ ನಗ್ತೀರಿ ಅಂತ ಸುಮ್ನಿದ್ದೆ."

ಸೊಸೆ ನೆಲದ ಮೇಲೆ ಮಂಡಿಯೂರಿದಳು. ತಣ್ಣಗಿನ ಗಾಜನ್ನು ಸಂದಿಗೆ ಹಿಡಿದ ಕೂಡಲೇ ಬೆರಳಿಗೆ ಬಿಸಿ ತಗುಲಿತು. ನಿದ್ದೆ ಹೋದ ಮಗುವಿನ ಮೂಗಿನ ಕೆಳಗೆ ಕೈ ಇಟ್ಟ ಹಾಗೆ, ಒದ್ದೆಯಾದ, ಮೆತ್ತನೆಯ ಬಿಸಿ. ಗಾಜು ನೋಡನೋಡುತ್ತ ಬೆಳ್ಳಗೆ ಮಸುಕಾಯಿತು.

ಅವಳು ಇನ್ನೂ ಬಗ್ಗಿ ನೋಡಿದಳು. ಬಾಗಿಲ ಹಲಗೆಯ ಮೇಲೆ ಹುಳಗಳು ಸಾಲುಗಟ್ಟಿ, ತಲೆ ತಗ್ಗಿಸಿ, ಕಾಲನ್ನು ಮರಕ್ಕೆ ಒತ್ತಿ ನಿಂತಿದ್ದವು. ಒಂದೂ ಹಾರುತ್ತಿರಲಿಲ್ಲ. ರೆಕ್ಕೆ ಮಾತ್ರ ಕಣ್ಣಿಗೆ ಕಾಣದಷ್ಟು ವೇಗವಾಗಿ ಬೀಸುತ್ತಿತ್ತು. ಪೆಟ್ಟಿಗೆಯ ಪಕ್ಕಕ್ಕೆ ಕಿವಿಯಿಟ್ಟಳು. ಒಳಗೆ ಗುಂಯ್‌ಗುಡುವುದಲ್ಲ ಅದು, ದೂರದಲ್ಲಿ ದೊಡ್ಡ ನೀರು ಹರಿಯುವ ಸದ್ದು. ಹಾಗಾದರೆ ಒಳಗೂ ಹೀಗೆಯೇ ನಿಂತಿವೆ, ಸಾವಿರಾರು. ಕೆಳಗೆ ತಾವು ನಲ್ಲಿ ಭದ್ರಮಾಡಿ, ದೀಪ ಆರಿಸಿ, ಹೊದ್ದು ಮಲಗಿದ್ದಾಗ ಇವು ಹನಿಹನಿಯಾಗಿ ತಂದ ಹೂವಿನ ನೀರನ್ನು ಬೀಸಿ ಬೀಸಿ ಗಾಳಿಗೆ ಬಿಡುತ್ತಿದ್ದವು. ಆ ಗಾಳಿಗೆ ಬೀದಿಯ ಮರಗಳ ವಾಸನೆಯಿತ್ತು. ಉದುರಿ, ಒಣಗಿ, ಕಸದ ಗಾಡಿಗೆ ಹೋದ ಹೂಗಳ ವಾಸನೆ ಇಲ್ಲಿ ಇನ್ನೂ ಬೆಚ್ಚಗೆ ಹೊರಬರುತ್ತಿತ್ತು.

ಎದ್ದು ಬರುವುದು ಅವಳಿಗೆ ಮರೆತೇಹೋಯಿತು.

"ಬದುಕಿದೀಯೇನೇ?" ಎಂದರು ಅತ್ತೆ.

"ಎಷ್ಟು ಕೆಲಸ ಮಾಡ್ತಿವೆ ಅತ್ತೆ..." ಎಂದಳು.

ಐದೂ ಪೆಟ್ಟಿಗೆಗಳಿಗೆ ಕನ್ನಡಕ ಹಿಡಿದಳು. ಐದರಲ್ಲೂ ಗಾಜು ಮಸುಕಾಯಿತು. ಬಿಸಿಲು ಏರಿದ ಮೇಲೆ ಹುಳಗಳನ್ನು ಸರಿಸಲು ಹೊಗೆಡಬ್ಬಿ ಹಚ್ಚಿ, ಒಂದರ ಮುಚ್ಚಳ ತೆಗೆದು, ಈ ಸಲ ನಡುವಿನದನ್ನು ಬಿಟ್ಟು ಅಂಚಿನ ಎರಿಗೆ ಕೈಹಾಕಿದಳು. ಅಡ್ಡ ಹಿಡಿದು ಒಮ್ಮೆ ಕೊಡವಿದ್ದಷ್ಟೇ, ಮಣಿಕಟ್ಟಿನ ಮೇಲೆ ಪಟಪಟ ಹನಿ ಉದುರಿತು. ನೀರಿನಷ್ಟೇ ತೆಳುವು; ಹೋದ ವರ್ಷ ಹುಳಿ ಬಂದದ್ದೂ ಹೀಗೆ ನೀರಾರದ ಜೇನೇ. ನಡುವಿನ ಎರಿಗಳು ಮೊದಲು ತುಂಬಿ ಮೊದಲು ಮುಚ್ಚುತ್ತವೆ. ಅವನ್ನಷ್ಟೇ ನೋಡಿ ಅವಳು ಇಡೀ ಪೆಟ್ಟಿಗೆಯ ಮಾತು ಆಡಿದ್ದಳು. ಮೀಟರಿಗೂ ಅಲ್ಲಿಂದಲೇ ಹನಿ ತೆಗೆದಿದ್ದಳು.

ಬೇಕರಿಯವರು ಹತ್ತಕ್ಕೆ ಸರಿಯಾಗಿ ಬಂದರು. ಅತ್ತೆ ಬಾಯಿ ತೆರೆಯುವ ಮೊದಲೇ ಸೊಸೆ, "ಇವತ್ತು ಆಗಲ್ಲ ಅಣ್ಣ," ಎಂದಳು.

ಅವರು ಕ್ಯಾನು ಕೆಳಗಿಟ್ಟರು. "ಆಗ್ಲೇ ಬಿಳಿ ಆಗಿದೆ ಅಂತ ನೀವೇ ಫೋನ್ ಮಾಡಿದ್ರಲ್ಲಮ್ಮ. ಕಪಾಟು ಖಾಲಿ ಇದೆ. ಆಚೆ ರಸ್ತೆಯವನು ದಿನಾ ಬಂದು ಸ್ಯಾಂಪಲ್ ಇಟ್ಟು ಹೋಗ್ತಿದಾನೆ."

"ತಪ್ಪು ನೋಡಿ ಫೋನ್ ಮಾಡ್ದೆ. ಇವತ್ತು ಕೊಟ್ರೆ ತಗೊಂಡು ಹೋಗ್ತೀರಿ. ನಲವತ್ತು ದಿನ ಆದ್ಮೇಲೆ ನಿಮ್ಮ ಮೊಣಕೈ ಮೇಲೆ ಮತ್ತೆ ಅಪವಾದ ಬರುತ್ತೆ."

ಅವರು ತಬ್ಬಿಬ್ಬಾದರು. ಅವಳಿಗೆ ಗೊತ್ತಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಪೆಟ್ಟಿಗೆಯ ಹತ್ತಿರ ಹೋದರು. ಅವಳು ತೋರಿಸಿದಂತೆ ಕೂತು, ಬಿರುಕುಗಳಲ್ಲಿ ಹಿಟ್ಟು ಕೂತ ದೊಡ್ಡ ಅಂಗೈಯನ್ನು ಸಂದಿಗೆ ಒಡ್ಡಿದರು. ಅದು ಹಾಗೇ ನಿಂತುಬಿಟ್ಟಿತು. ಒಂದು ಹುಳ ಹೆಬ್ಬೆರಳಿನ ಮೇಲೆ ಹತ್ತಿ ಇಳಿದು ಹೋದರೂ ಅವರು ಕದಲಲಿಲ್ಲ.

"ಮೂವತ್ತು ವರ್ಷ ಒಲೆ ಬಾಯಲ್ಲಿ ನಿಂತಿದೀನಿ," ಎಂದರು ಕೊನೆಗೆ, ದನಿ ತಗ್ಗಿಸಿ, ಯಾರೋ ಮಲಗಿರುವ ಕೋಣೆಯಲ್ಲಿ ಮಾತಾಡುವ ಹಾಗೆ. "ಆವಿ ಹೋಗದೆ ಬ್ರೆಡ್ಡಿಗೆ ಚಾಕು ಹಾಕಿದ್ರೆ ಹುಡುಗರಿಗೆ ಬೈತೀನಿ. ಇಲ್ಲಿ ಒಲೆನೂ ಇಲ್ಲ, ಬೈಯೋರೂ ಇಲ್ಲ."

"ಬೈಯೋಳು ನಾನಿದೀನಿ," ಎಂದರು ಅತ್ತೆ.

ಹೋಗುವಾಗ ಅವರು ಎರಡೂ ಕ್ಯಾನುಗಳನ್ನು ಟ್ಯಾಂಕಿನ ಪಕ್ಕ ಬೋರಲು ಹಾಕಿ, ಅಲ್ಲೇ ಬಿಟ್ಟು ಹೋದರು.

ಆರನೆಯ ಬೆಳಗ್ಗೆ ನಾಲ್ಕು ಪೆಟ್ಟಿಗೆಗಳಲ್ಲಿ ಗಾಜು ತಿಳಿಯಾಗಿಯೇ ಉಳಿಯಿತು. ಅಂಚಿನ ಎರಿ ಎಷ್ಟು ಕೊಡವಿದರೂ ಒಂದು ಹನಿ ಬೀಳಲಿಲ್ಲ. ಸೊಸೆ ಮೇಣ ಕೊಯ್ದು, ಎರಿಗಳನ್ನು ಯಂತ್ರಕ್ಕೆ ಹಾಕಿ ತಿರುಗಿಸಿದಳು. ಜೇನು ಧಾರೆಯಾಗಿ ಸುರಿಯಲಿಲ್ಲ. ತೊಗಟೆಯ ಬಣ್ಣದ ರೇಷ್ಮೆಯಂತೆ ಮಡಿಕೆ ಮಡಿಕೆಯಾಗಿ ಕ್ಯಾನಿನಲ್ಲಿ ಕೂತು, ನಿಧಾನ ಒಳಗಿಳಿಯಿತು. ಮತ್ತೆ ಕರೆಸಿದ್ದ ಬೇಕರಿಯವರು ಕೈಕಟ್ಟಿ ನೋಡುತ್ತ ನಿಂತಿದ್ದರು. ಒಂದು ಹನಿಯನ್ನೂ ಸವಿದು ನೋಡಲು ಕೇಳಲಿಲ್ಲ.

ಎರಡನೆಯ ಕ್ಯಾನು ತುಂಬಲು ನಾಲ್ಕು ಬೆರಳು ಬಾಕಿ ಉಳಿಯಿತು. ಅತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ ಐದನೆಯ ಪೆಟ್ಟಿಗೆಯ ಕಡೆ ಮುಖ ಮಾಡಿದರು. ಈ ಮನೆಯಲ್ಲಿ ಜೇನಿನ ವಿಷಯಕ್ಕೆ ಅವರು ಯಾರ ಅಭಿಪ್ರಾಯವನ್ನೂ ಕೇಳಿದ್ದನ್ನು ಸೊಸೆ ಕಂಡಿರಲಿಲ್ಲ.

"ಅದನ್ನೂ ತೆಗೆಯೋಣವೇನೇ?"

ಸೊಸೆ ಕ್ಯಾನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. "ಬೇಡ ಅತ್ತೆ. ಅದಿನ್ನೂ ಬೀಸ್ತಾ ಇದೆ. ಎರಡು ದಿನ ಬಿಡೋಣ."

"ಸರಿ," ಎಂದರು ಅತ್ತೆ. ಬೇಕರಿಯವರು ಆ ನಾಲ್ಕು ಬೆರಳಿನ ಮೇಲೆ ಮುಚ್ಚಳ ಒತ್ತಿ, ಕ್ಯಾನನ್ನು ಮಗುವಿನಂತೆ ಎದೆಗೊರಗಿಸಿಕೊಂಡು ಮೆಟ್ಟಿಲಿಳಿದರು.